ಉಣ್ಣೆಗೆ ಬಾಯಿಲ್ಲ

ಹೊರಡುವಾಗ ಚಳಿ ಆಗ್ತಿರಬೇಕು, ಅಂದ ಕಾಟಯ್ಯ.
ಬೆಚ್ಚಗೆ ಹೊರಟವನು ಬೆಟ್ಟದ ಅರ್ಧದಲ್ಲೇ ನೆಂದು ಹೋಗ್ತಾನೆ,
ಮಳೆ ಬೇಕಿಲ್ಲ ಅದಕ್ಕೆ.

ನಾನು ಕಡೂರಿನ ಬಯಲವಳು,
ಗಾರ್ಡ್ ಕೆಲಸಕ್ಕೆ ಸೇರಿ ಹದಿನೆಂಟು ದಿನ.
ತಂದದ್ದನ್ನೆಲ್ಲ ಮೈಮೇಲೆ ಹೇರಿಕೊಂಡು
ರಾಗಿ ಹೊಲದ ಬೆದರುಬೊಂಬೆಯಾಗಿ
ಕೆಮ್ಮಣ್ಣುಗುಂಡಿಯಾಚೆ ಕ್ಯಾಂಪಿನ ಬಾಗಿಲಲ್ಲಿ ನಿಂತಿದ್ದೆ.
ಅವನು ನನ್ನ ಹೊಸ ಜರ್ಕಿನ್ನಿನ ತೋಳನ್ನು
ಎರಡೇ ಬೆರಳಲ್ಲಿ ಉಜ್ಜಿದ: ಸರಬರ.
ಇದು ಮಾತಾಡ್ತದೆ ಮೇಡಂ,
ಆ ದಿಬ್ಬದ ಕಡವೆಗೂ ಕೇಳ್ತದೆ.
ಉಣ್ಣೆಗೆ ಬಾಯಿಲ್ಲ.

ಒಂದು ಕಾಲಕ್ಕೆ ತೋಟದ ಧಣಿಗಳ ಷಿಕಾರಿಗೆ
ಜಾಡು ಹಿಡಿದು ಮುಂದೆ ನಡೆದವನು,
ಈಗ ಇಲಾಖೆಯ ದಿನಗೂಲಿ ವಾಚರ್.
ಕಾಲು ಅದೇ, ಕಾಡು ಅದೇ,
ಕೂಲಿ ಮಾತ್ರ ಬೇರೆ ಕೈಯಿಂದ, ಅದೂ ತಡವಾಗಿ.

ಬನೀನಿನ ಮೇಲೆ ಹಳೇ ಪೇಪರು ಕಟ್ಟುತ್ತಿದ್ದ,
ಎದೆಗೊಂದು ಹಾಳೆ, ಬೆನ್ನಿಗೊಂದು, ನಡುವಿಗೆ ಹುರಿ.
ಗಾಳಿ ಒಳಗೆ ಬರೋದಕ್ಕೆ ಮುಂಚೆ
ಓದ್ತಾ ನಿಂತುಬಿಡ್ತದೆ, ಅನ್ನುತ್ತಿದ್ದ ನಗದೆ.
ಅದರ ಮೇಲೆ ಖಾಕಿ.
ಖಾಕಿಯ ಮೇಲೆ ಮಗಳು ಹೈಸ್ಕೂಲಿಗೆ ಹಾಕಿದ ಮೆರೂನ್ ಸ್ವೆಟರು,
ಮೊಣಕೈಯಲ್ಲಿ ಬೇರೆ ಬಣ್ಣದ ನೂಲು.
ಪೇಪರಿನ ಸದ್ದನ್ನು ಅದು ನುಂಗಿಕೊಳ್ಳುತ್ತಿತ್ತು.

ಎರಡನೇ ತಿರುವಿನಲ್ಲಿ ಸ್ವೆಟರು ಕಳಚಿ ಚೀಲಕ್ಕೆ ಕಟ್ಟಿದೆವು.
ಹಲ್ಲು ಕಟಕಟ ಅನ್ನುವಾಗ ಕಳಚುವುದು ಯಾವ ನ್ಯಾಯ?
ಏರು ಮುಗಿಯುವಷ್ಟರಲ್ಲಿ ಗೊತ್ತಾಯಿತು.
ನೆತ್ತಿಯಲ್ಲಿ ಗಾಳಿಗೆ ಮುಖ ಇರಲಿಲ್ಲ, ಬರೀ ಉಗುರು.
ಬಂಡೆಯ ಆಚೆ ಹೋಗಿ ಒಣ ಅಂಗಿ ಹಾಕಿಕೊಂಡು ಬಂದೆ.
ಕಾಟಯ್ಯನ ಒಣ ಬನೀನು
ಪ್ಲಾಸ್ಟಿಕ್ ಕವರಿನಲ್ಲಿ, ಚೀಲದ ತಳದಲ್ಲೇ ಉಳಿಯಿತು.
ಇರಲಿ, ಅಂದ.
ಕಂಬಳಿ ಬಿಚ್ಚಿದ, ಇನ್ನೂ ಚಳಿ ಹತ್ತದಿದ್ದಾಗಲೇ.
ನಡುಕ ಬಂದಮೇಲೆ ಹೊದಿಯೋದು
ಸಾಲ ಬೆಳೆದಮೇಲೆ ಲೆಕ್ಕ ಬರೆದಂಗೆ.

ಮೂರು ಗಂಟೆಯ ಹೊತ್ತಿಗೆ ಒಂದೇ ಒಂದು ಈಡು.
ಕಣಿವೆ ಅದನ್ನು ನಾಲ್ಕು ಸಲ ಹೇಳಿತು.
ತಪ್ಪಿದೆ, ಅಂದ ಕಾಟಯ್ಯ. ಹೇಗೆ ತಿಳಿಯಿತೋ.

ಬೆಳಕು ಹರಿದಾಗ
ಇಬ್ಬನಿ ಬಿಗಿದು ಉಪ್ಪಾಗಿದ್ದ ಹುಲ್ಲಿನ ಮೇಲೆ
ಒಂದು ಕಪ್ಪು ಗೆರೆ, ಓಡಿದವನ ಗೆರೆ,
ಒಂದು ಕಡೆ ಬಿದ್ದು ಎದ್ದದ್ದು ಸಹ.
ಶೋಲೆಯ ಅಂಚಿನ ಕಲ್ಲಿಗೆ ಒರಗಿ ಹುಡುಗ ಕೂತಿದ್ದ.
ಜೀನ್ಸು ಒದ್ದೆ. ರೇನ್‌ಕೋಟಿನ ಹೊರಗೆಲ್ಲ ಒಣ,
ಒಳಗೆ ಅವನದೇ ಬೆವರು ಅವನನ್ನು ತಣ್ಣಗೆ ಹಿಡಿದಿತ್ತು.
ಕೋವಿಯನ್ನು ಬೆರಳು ಬಿಡಲಿಲ್ಲ, ಸೊಕ್ಕಿನಿಂದಲ್ಲ.

ನಾನು ಪುಸ್ತಕ ತೆಗೆದು ಹೆಸರು ಕೇಳಿದೆ.
ಹೆಸರು ಎಲ್ಲೂ ಹೋಗಲ್ಲ, ಅಂದ ಕಾಟಯ್ಯ,
ನಡುಗೋದು ನಿಂತೋಗದೆ ನೋಡಿ, ಅದು ಒಳ್ಳೇದಲ್ಲ.

ಕೋವಿಗಿಂತ ಮೊದಲು ಅಂಗಿ ಬಿಡಿಸಿದ.
ಚೀಲದ ತಳದಿಂದ ಬಂತು ಬನೀನು,
ಮೈಯಿಂದ ಬಂತು ಮೆರೂನ್ ಸ್ವೆಟರು, ಇನ್ನೂ ಬಿಸಿ.
ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಅವನ ಎರಡು ತೋಳು.
ಫ್ಲಾಸ್ಕಿನ ಬೆಲ್ಲದ ಕಾಫಿಯನ್ನು
ಮಗುವಿಗೆ ಕುಡಿಸಿದಂತೆ ಮುಚ್ಚಳದಲ್ಲಿ ಕುಡಿಸಿದೆ ನಾನು.
ತುಂಬ ಹೊತ್ತಿನ ಮೇಲೆ ಹುಡುಗ ನಡುಗತೊಡಗಿದ.
ಆಗ ಕಾಟಯ್ಯ ಮೆಲ್ಲಗೆ ಕೋವಿ ತೆಗೆದುಕೊಂಡ.

ಸುಪ್ರೀತ, ಹತ್ತೊಂಬತ್ತು, ಬೀರೂರು.
ನಮ್ಮ ಬಯಲ ಕಡೆಯವನೇ,
ಬೆಚ್ಚಗೆ ಹೊರಟವನು.

ಕ್ಯಾಂಪಿನಲ್ಲಿ ಮಹಜರು ಬರೆದೆ.
ನಾಡಕೋವಿ ಒಂದು, ತಲೆಗೆ ಕಟ್ಟುವ ಟಾರ್ಚು ಒಂದು,
ರೇನ್‌ಕೋಟು ಒಂದು.
ಆರೋಪಿ ಧರಿಸಿದ್ದ ಉಡುಪು ಎಂಬಲ್ಲಿ ಪೆನ್ನು ನಿಂತಿತು.
ಸ್ವೆಟರಿನ ಎದೆಯಲ್ಲಿ ಸ್ಕೂಲಿನ ಹೆಸರಿದೆ,
ಕೇಳಿದರು ಸಾಹೇಬರು, ಯಾರದ್ದು ಇದು?
ಜೀಪು ಬಂತು. ಉಡುಪು ಹುಡುಗನ ಜೊತೆಯೇ ಹೋಯಿತು.

ಒಲೆಯ ಮುಂದೆ ಕಾಟಯ್ಯ, ಬರೀ ಖಾಕಿಯಲ್ಲಿ,
ಬೆನ್ನು ನನ್ನ ಕಡೆಗೆ.
ಚಳಿಯಾಗ್ತಿದೆಯಾ, ಅಂದೆ.
ಇಲ್ಲ ಮೇಡಂ, ಅಂದ.
ಅಂಗಿಯೊಳಗಿನ ಪೇಪರು ಮಾತ್ರ
ಸರಬರ, ಸರಬರ.