ಮುಂದಿನ ವಾಯಿದೆ

ಹತ್ತೊಂಬತ್ತು ವರ್ಷ ಅವರ ಎಡಗಡೆ, ಒಂದು ಮೆಟ್ಟಿಲು ಕೆಳಗೆ
ಕೂತು ಮಾತು ಕುಟ್ಟಿದವನು ನಾನು.
ಜಡ್ಜ್ ಲುವೆಲ್ಲಾ ಟ್ಯಾಕೆಟ್. ಓಹಾಯೋ ನದಿದಂಡೆಯ ಈ ಕೌಂಟಿಯಲ್ಲಿ
ನ್ಯಾಯಕ್ಕೂ ಆರು ವರ್ಷಕ್ಕೊಮ್ಮೆ ಓಟು ಬೀಳಬೇಕು.

ಮೊದಲ ಸಲ ಎದುರಾಳಿಯೇ ಇರಲಿಲ್ಲ.
ಎರಡನೆಯ ಸಲ, ಅಗ್ನಿಶಾಮಕ ದಳದ ಮೀನೂಟದಲ್ಲಿ
ಕಾಗದದ ತಟ್ಟೆ ಹಿಡಿದು ನಿಂತಿದ್ದರು. ಒಬ್ಬ ಬಂದು
‘ನನ್ನ ಲೈಸೆನ್ಸ್ ಕಿತ್ತುಕೊಂಡವರು ನೀವೇ.
ಸರಿಯಾಗೇ ಮಾಡಿದ್ರಿ. ಓಟು ಮಾತ್ರ ಹಾಕೋದಿಲ್ಲ’ ಅಂದ.
ಅವನ ತಟ್ಟೆಗೊಂದು ನಿಂಬೆಹೋಳು ಇಟ್ಟರು.

ಗೆದ್ದ ಫಲಕಗಳ ತಂತಿಕಾಲುಗಳೆಲ್ಲ
ಅವರ ಹಿತ್ತಲ ಟೊಮೇಟೊ ಗಿಡಕ್ಕೆ ಊರುಗೋಲು.

ಈ ಸಲ ಡ್ವೇನ್ ಪ್ರೇಟರನ ಮಗನ ಕೇಸು.
ಒಳಗೆ ಹಾಕಿ ಅಂತ ಊರಿಗೆ ಊರೇ ಹೇಳುತ್ತಿತ್ತು.
‘ಹದಿನೆಂಟು ತುಂಬಿ ಹನ್ನೊಂದು ದಿನ’ ಎಂದು
ಹುಡುಗನನ್ನು ಚಿಕಿತ್ಸೆಗೆ ಕಳಿಸಿದರು.
ಅಂದದ್ದು ನನ್ನ ದಾಖಲೆಯಲ್ಲಿದೆ.
ಅನ್ನುವ ಮುನ್ನ ಅಷ್ಟು ಹೊತ್ತು ಸುಮ್ಮನಿದ್ದದ್ದು ಇಲ್ಲ,
ಅದಕ್ಕೆ ನನ್ನ ಯಂತ್ರದಲ್ಲಿ ಕೀಲಿಯಿಲ್ಲ.

ನಲವತ್ತೊಂದು ಓಟಿನಿಂದ ಸೋತರು.

ಬುಧವಾರ ಎಂಟೂವರೆಗೆ ಎಂದಿನಂತೆ ಬಂದರು,
ಗೌನಿನ ಗುಂಡಿಯೊಂದು ತಪ್ಪಿತ್ತು.
ಯಾರದೋ ಬೇಲಿ ಜಗಳ. ವಕೀಲರು ಸಮಯ ಕೇಳಿದರು.
ಕ್ಯಾಲೆಂಡರ್ ತಿರುವಿ ‘ಫೆಬ್ರವರಿ ಒಂಬತ್ತು’ ಅಂದವರು
ಬೆರಳು ಅಲ್ಲೇ ಇಟ್ಟುಕೊಂಡು
‘ಅದು ನನ್ನದಲ್ಲ’ ಅಂದರು.

ಇದನ್ನೂ ಸೇರಿಸಲೇ ಎಂದು ನಾನು ಕೇಳಲಿಲ್ಲ. ಕುಟ್ಟಿದೆ.

‘ಇರಲಿ. ಬೇಲಿ ಅಲ್ಲೇ ಇರುತ್ತೆ,
ತಾರೀಖೂ ಇರಲಿ’ ಅಂದು
ಮುಂದಿನ ಕೇಸು ಕರೆಸಿದರು.