ಐದನೇ ನಂಬರು

ಕ್ವಾರ್ಟರ್ಸಿನ ಮಂದಿ ಸಹಿ ಮಾಡಿ ಕೊಟ್ಟ ಚೀಟಿ
ಇನ್ನೂ ಫ್ರಿಜ್ಜಿನ ಮ್ಯಾಲ ಅದ:
"ತಮ್ಮ ನಾಯಿ ರಾತ್ರಿಪಾಳಿಯ ಸೈರನ್ನಿಗೆ ಊಳಿಡುತ್ತದೆ.
ಸೂಕ್ತ ಕ್ರಮ ಕೈಗೊಳ್ಳುವುದು."
ಹದಿನಾಲ್ಕು ಸಹಿ, ಒಂದು ಹೆಬ್ಬೆಟ್ಟು.

ಬೂದ್ಯಾ ಅಂತ ಅದರ ಹೆಸರು.
ಶಕ್ತಿನಗರದಾಗ ಹುಟ್ಟಿದ್ದಕ್ಕ ಬ್ಯಾರೆ ಹೆಸರು ಹೆಂಗ ಇಡೋದು,
ಒಣಹಾಕಿದ ಬಿಳಿ ಅಂಗಿ ಸಂಜೀಗೆ ಮಾಸೋ ಊರಾಗ
ಬೂದಿಬಣ್ಣದ್ದೇ ಒಂದು ಮರಿ
ಹಾರುಬೂದಿ ಟ್ಯಾಂಕರಿನ ಗಾಲಿ ಸಂದಿನ್ಯಾಗ ಸಿಕ್ಕಿತ್ತು.

ಕ್ರಮ ಕೈಗೊಂಡೆ.
ಎರಡು ಸಾವಿರದ ಒಂದು ನೂರು, ರಾಯಚೂರಿಂದ ಪಾರ್ಸಲ್ಲು.
ಕರೀ ಪಟ್ಟಿ, ಅದಕ್ಕ ಎರಡು ಮೊಂಡ ಹಲ್ಲು,
ಅಂಗೈಯಾಗ ಹಿಡಿಯೋ ರಿಮೋಟು,
ಒಂದರಿಂದ ಹತ್ತರ ತನಕ ನಂಬರು.

ಮೂವತ್ತೊಂದು ವರ್ಷದಿಂದ ಲೈನ್‌ಮನ್ ನಾನು.
ಕರೆಂಟು ಅಂದ್ರ ಮೊದಲು ಟೆಸ್ಟ್ ಮಾಡಬೇಕು.
ಎಡಗೈ ಮಣಿಕಟ್ಟಿಗೆ ಪಟ್ಟಿ ಬಿಗಿದು
ಅಡಿಗಿಮನಿ ಬಾಗಿಲದಾಗ ಕೂತು ಒತ್ತಿದೆ.

ಒಂದು: ಕರೀ ಇರುವಿ.
ಎರಡು: ಕೆಂಪಿರುವಿ.
ಮೂರಕ್ಕ ಜಾಲಿಮುಳ್ಳು; "ಸಾಕು ಬಿಡ್ರಿ, ಹುಚ್ಚೇನು" ಅಂದಳು ದುರುಗಮ್ಮ,
ರೊಟ್ಟಿ ಬಡಿಯೋದು ಬಿಡದ.
ನಾಲ್ಕು ನೆನಪಿಲ್ಲ.
ಐದಕ್ಕ
ದೇವಸುಗೂರಿನ ಕಂಬದ ಮ್ಯಾಲಿದ್ದೆ,
ಲೈನು ಬಂದ್ ಅದ ಅಂತ ಫೋನಿನ್ಯಾಗ ಹೇಳಿದ ದನಿ ನಂಬಿ.
ಕೈ ಬಿಡಬೇಕು ಅಂತ ನನಗ ಗೊತ್ತಿತ್ತು,
ಕೈಗೆ ಗೊತ್ತಿರಲಿಲ್ಲ.
ಒಣ ಬಿದಿರಿಲೆ ಹೊಡೆದು ಕೆಡವಿದಾವ ಶೇಕ್ಷಾವಲಿ.
ಆ ಏಟು ಇವತ್ತಿಗೂ ಬೆನ್ನಿನ್ಯಾಗ ಅದ, ಪುಣ್ಯಾತ್ಮ.

ಇಷ್ಟೆಲ್ಲ ಗೊತ್ತಿದ್ದಾವ
ಆವತ್ತು ರಾತ್ರಿ ಹತ್ತಕ್ಕ ಸೈರನ್ ಆದಾಗ
ಮೂರಕ್ಕ ಇಟ್ಟು ಒತ್ತಿದೆ.
ಊಳು ನಿಲ್ಲಲಿಲ್ಲ. ನಾಲ್ಕು.
ಆಮ್ಯಾಲಿನ ನಂಬರು ದುರುಗಮ್ಮಗ ಸುಳ್ಳು ಹೇಳೀನಿ.

ಒಂದು ವಾರಕ್ಕ ನಾಯಿ ಸುಮ್ಮಗಾಯಿತು.
ಎದುರುಮನಿ ಅಕೌಂಟೆಂಟು ಬಂದು ಕೈ ಕುಲುಕಿ
"ಭಾಳ ಶಿಸ್ತು ಕಲಿಸಿದ್ರಿ" ಅಂತ ಕಂಪನಿ ಹೆಸರು ಬರಕೊಂಡ.
ಅವನ ಮನ್ಯಾಗ ನಾಯಿ ಇಲ್ಲ,
ಎಂಟು ವರ್ಷದ ಮಗ ಇದ್ದಾನ.

ಖರೇ ಹೇಳಬೇಕಂದ್ರ ಅದು ಸೈರನ್ನಿಗೆ ಅಂಜಲಿಲ್ಲ.
ಒತ್ತಿದಾಗೆಲ್ಲ ಅದು ನೋಡತಿದ್ದದ್ದು ನನ್ನ ಬಲಗೈ,
ಪೈಜಾಮದ ಜೇಬು.
ಈಗ ಕೀಲಿಗಂತ, ಎಲಿ-ಅಡಿಕಿಗಂತ, ಸುಮ್ಮನ ಥಂಡಿಗಂತ
ಜೇಬಿಗೆ ಕೈ ಹೋದ್ರ ಸಾಕು,
ಬೂದ್ಯಾ ಹೊಟ್ಟಿ ನೆಲಕ್ಕ ಹಚ್ಚಿ ಕಾಟಿನ ತಳಕ್ಕ ಸರೀತದ.

ಪಟ್ಟಿ ಬಿಚ್ಚಿ ಅಟ್ಟಕ್ಕ ಒಗೆದು ಎರಡು ತಿಂಗಳಾತು.
ಕುತ್ತಿಗಿ ಮ್ಯಾಲ ಎರಡು ಬೋಳು ಗುರುತು,
ಕಡ್ಲಿಕಾಳಿನಷ್ಟು.
ಕೂದಲ ಬರ್ತಾವ ಅಂದ ದನದ ಡಾಕ್ಟರು.
ಊಳಿನ ಬಗ್ಗೆ ಏನೂ ಹೇಳಲಿಲ್ಲ.

ದಿನಾ ಒಂದು ಚೂರು ರೊಟ್ಟಿ ಅದೇ ಜೇಬಿನ್ಯಾಗ ಇಟ್ಟುಕೊಂಡು
ರಾತ್ರಿ ನೆಲದ ಮ್ಯಾಲ ಕೂಡ್ತೀನಿ.
ಸೈರನ್ ಆಗ್ತದ, ಚಿಮಣಿ ತುದಿಗೆ ಕೆಂಪು ದೀಪ ಮಿಣುಕ್ತಾವ,
ಪಾಳಿ ಬದಲಾಗಿ ಸೈಕಲ್ಲು ಹೋಗ್ತಾವ,
ಅದು ಕಾಟಿನ ತಳದಿಂದ ಬರೇ ಕಣ್ಣು ಬಿಡ್ತದ.

ನಿನ್ನೆ ರೊಟ್ಟಿ ತೆಗೀಬೇಕಂತ ಕೈ ಹಾಕಿದ್ರ
ಜೇಬಿನ ತುಂಬ ಇರುವಿ.
ಒಂದನೇ ನಂಬರಿನಷ್ಟು ಕಚ್ಚಿದವು.
ಕೈ ಹೊರಗ ತೆಗೀಲಿಲ್ಲ.