ಎರಡು ಬೆರಳು ಬಟ್ಟೆ

ಭಾನುವಾರ ಕತ್ತರಿಗೆ ರಜೆ.
ತೊಂಬತ್ತು ಅಡಿ ರಸ್ತೆಯ ಜಿಗ್ನೇಶ್‌ಭಾಯಿಯ ರದ್ದಿ ಅಂಗಡಿಗೆ
ಕನ್ನಡ ಶಾಲೆಯೊಂದು ಮೂಟೆಯಲ್ಲಿ ಬಂದಿದೆ
ಎಂದು ಯಾರೋ ಹೇಳಿದರು. ಹೋದೆ.
ಮಕ್ಕಳಿಲ್ಲದೆ ಮುಚ್ಚಿದ ಶಾಲೆ; ಉಳಿದದ್ದು
ನೇರಳೆ ಠಸ್ಸೆ, ಗೆದ್ದಲ ಮಣ್ಣು,
ಕಿಲೋಗೆ ಇಪ್ಪತ್ತರಂತೆ ಕಥೆಗಳು.

ಕುಕ್ಕರುಗಾಲಲ್ಲಿ ಕೂತು ಆರಿಸತೊಡಗಿದೆ.
ಏಳನೆಯ ಇಯತ್ತೆಗೆ ಬಿಟ್ಟವನು ನಾನು,
ಮಕ್ಕಳ ಫ್ರಾಕಿನ ಕಟಿಂಗ್ ಮಾಸ್ತರ.
ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು:
ಮಗುವನ್ನು ನೋಡಿದರೆ ಸಾಕು, ಟೇಪು ಬೇಡ.
ರುಕ್ಮಿಗೆ ನಾಲ್ಕೂವರೆ. ಇಪ್ಪತ್ತರ ಫ್ರಾಕು.
ಕಥೆ ಎಷ್ಟರದು?

ಒಂದರಲ್ಲಿ ರಾಜ ಕಳ್ಳನ ಕೈ ಕಡಿಸುತ್ತಾನೆ,
ಪ್ರಜೆಗಳು ಹೂ ಎರಚುತ್ತಾರೆ. ಬೇಡ.
ಒಂದರಲ್ಲಿ ಕಪ್ಪು ಹುಡುಗಿ ಕೊಳದಲ್ಲಿ ಮಿಂದು
ಬೆಳ್ಳಗಾಗಿ ಮದುವೆಯಾಗುತ್ತಾಳೆ.
ನನ್ನ ಮಗಳು ನನ್ನದೇ ಬಣ್ಣ. ಬೇಡವೇ ಬೇಡ.
ಒಂದರಲ್ಲಿ ಎಲ್ಲರೂ ಒಳ್ಳೆಯವರು,
ಮೊಲ, ಕರಡಿ, ಪೊಲೀಸ್;
ಮೂರನೇ ಪುಟಕ್ಕೆ ನನಗೇ ಆಕಳಿಕೆ.
ಇನ್ನೊಂದರ ಕೊನೆಗೆ ದಪ್ಪಕ್ಷರದಲ್ಲಿ ನೀತಿ,
ಅಂಗಿಯ ಕತ್ತಿನ ಲೇಬಲ್ಲಿನ ಹಾಗೆ
ಹಾಕಿಕೊಂಡಷ್ಟೂ ಹೊತ್ತು ಚುಚ್ಚುವಂಥದ್ದು.

ಕಡೆಗೆ ಒಂದು ಆಡಿನಮರಿ ಸಿಕ್ಕಿತು.
ಚಿತ್ರ ಚೆಂದ. ತೂಕ ಕಡಿಮೆ.
"ಇದಕ್ಕೆ ದುಡ್ಡು ಬೇಡ ಮಾಸ್ತರ್" ಎಂದ ಭಾಯಿ.
ಯಾಕೆಂದು ರಾತ್ರಿ ತಿಳಿಯಿತು.

ತಾಯಿ ಆಡು ಹೊಳೆಯಾಚೆ ಮೇಯಲು ಹೋಗಿದೆ.
ಹೊತ್ತು ಮುಳುಗಿದೆ. ಮರಿ ದಂಡೆಯಲ್ಲಿ ನಿಂತಿದೆ.
ಪುಟ ತಿರುವಿದೆ. ರಟ್ಟು.
ಕೊನೆಯ ಎರಡು ಹಾಳೆ ಎಂದೋ ಯಾರೋ ಹರಿದಿದ್ದಾರೆ.

ಎದೆ ಧಸಕ್ಕೆಂದಿತು. ರುಕ್ಮಿಯ ಅವ್ವನೂ ಇನ್ನೂ ಬಂದಿಲ್ಲ;
ಬಿಕೆಸಿಯ ಗಾಜಿನ ಕಟ್ಟಡದಲ್ಲಿ ಎರಡನೇ ಪಾಳಿ,
ಕಸ್ತೂರಿಯ ಪಾಲಿಗೆ ನಾಲ್ಕು ಮಹಡಿ ನೆಲ.
ಅವಸರದಲ್ಲಿ ತೇಪೆ ಹಚ್ಚಿದೆ:
"ಆಮೇಲೆ... ಅವ್ವ ಬಂದಳು. ಮುಗೀತು."

"ಇಲ್ಲ" ಅಂದಳು, ದಂಡೆಯ ಮೇಲೆ ಬೆರಳಿಟ್ಟು.
"ಇನ್ನೂ ಬಂದಿಲ್ಲ ನೋಡು, ಕತ್ತಲಾಗೈತಿ.
ಮರಿ ಆಮಿ ಮನ್ಯಾಗ ಕುಂತೈತಿ.
ಆಮಿ ಚಾದಾಗ ಖಾರಿ ಅದ್ದಿ ಕೊಟ್ಟೈತಿ.
ಅವ್ವ ಹೊಳಿ ದಾಟಾಕ ಹತ್ಯಾಳ.
ಹೊಳಿ ದೊಡ್ಡದೈತಿ. ಅದಕ್ಕ ತಡ."

ಪಕ್ಕದ ಖೋಲಿಯ ಶೇವಂತಾಬಾಯಿ
ದಿನಾ ಸಂಜೆ ಇವಳಿಗೆ ಖಾರಿ ಅದ್ದಿಕೊಡುವುದು
ನನಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

ಫ್ರಾಕಿನ ಅಂಚಿಗೆ ಎರಡು ಬೆರಳು ಬಟ್ಟೆ
ಒಳಗೆ ಮಡಿಸಲು ಬಿಡುತ್ತೇನೆ ನಾನು. ಸೇಠ್ ಬೈಯುತ್ತಾನೆ,
ಸಾವಿರ ಫ್ರಾಕಿಗೆ ಎಷ್ಟು ಮೀಟರ್ ದಂಡವೆಂದು.
ಅವನಿಗೇನು ಗೊತ್ತು,
ದೀವಳಿಗೆಗೆ ಹೊಲಿಗೆ ಬಿಚ್ಚಿ ಇಳಿಸಿದರೆ
ಅದೇ ಫ್ರಾಕು ಇನ್ನೊಂದು ವರ್ಷ ಬರುತ್ತದೆ.
ಗೊತ್ತಿದ್ದ ನಾನೇ ಈಗಷ್ಟೇ
ಅಷ್ಟನ್ನೂ ಕತ್ತರಿಸಲು ಹೊರಟಿದ್ದೆ.

ಹನ್ನೊಂದಕ್ಕೆ ಹತ್ತು ನಿಮಿಷ. ಕಸ್ತೂರಿ ಬಂದಳು.
ಉಂಗುಟ ಕಿತ್ತ ಚಪ್ಪಲಿ ಕೈಯಲ್ಲಿ,
ಸೀರೆಯ ತುಂಬ ಫಿನಾಯಿಲ್ ವಾಸನೆ.
ಅರೆನಿದ್ದೆಯಲ್ಲೇ ಮಗಳು ಕೇಳಿದಳು:
"ಹೊಳಿ ದಾಟಿದ್ಯಾ?"

ಕಥೆ ಗೊತ್ತಿಲ್ಲದವಳು
ಸೆರಗಿಂದ ಕತ್ತು ಒರೆಸಿಕೊಳ್ಳುತ್ತ,
"ಹ್ಞೂಂ ಅವ್ವಿ. ಬಸ್ಸು ಸಿಗಲಿಲ್ಲ.
ಮೀಠಿ ಪೂಲಿನ ಮ್ಯಾಲ ನಡಕೊಂತನ ಬಂದೆ."